ಅಪ್ಪನ ಅಂಗೈಗೆ ಸಿಗದ ಎಂಜಿನ್

ಕಳೆದ ತಿಂಗಳು ದೊಡ್ಡಬಳ್ಳಾಪುರದ ಒಂದು ಕಲ್ಯಾಣಮಂಟಪದಲ್ಲಿ ಚಿಕ್ಕಪ್ಪನ ಮಗನ ಮದುವೆ ಇತ್ತು. ಗಟ್ಟಿಮೇಳ ಬಾರಿಸಿದ ಕೂಡಲೇ ಎಲ್ಲರೂ ಎದ್ದು ನಿಂತು ಅಕ್ಷತೆ ಎರಚಿದರು. ಹಿಂದಿನ ಸಾಲಿನಿಂದ ಎರಚಿದ ಅಕ್ಷತೆ ಮದುಮಕ್ಕಳ ತಲೆ ಮುಟ್ಟಿದ್ದನ್ನು ನಾನಂತೂ ನೋಡಿಲ್ಲ. ಅರ್ಧದಷ್ಟು ಫೋಟೋ ತೆಗೆಯುವವನ ಕಾಲರಿನೊಳಗೆ ಹೋಯಿತು, ಇನ್ನರ್ಧ ಹೋಮದ ಬೆಂಕಿಗೆ ಬಿತ್ತು. ಅರಿಶಿನ ಕಲೆಸಿದ ಅಕ್ಕಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಸೋದರತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ನೆನಪಾದದ್ದು ಮಾತ್ರ ಐದನೇ ಸಿಲಿಂಡರ್. ಮಂಟಪದ ಆ ಬದಿಯಿಂದ ಚಿಕ್ಕಪ್ಪ ಒಂದು ಕ್ಷಣ ನನ್ನ ಕಡೆ ನೋಡಿ ಮುಖ ತಿರುಗಿಸಿದರು. ಅವರಿಗೂ ಆ ವಾಸನೆ ನೆನಪಿರಬೇಕು.

ನಾನು ಹುಟ್ಟಿ ಬೆಳೆದದ್ದು ಪವರ್‌ಲೂಮ್ ಸದ್ದಿನಲ್ಲಿ. ಘಾಟಿ ದೇವಸ್ಥಾನಕ್ಕೆ ಹೋಗುವ ರಸ್ತೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ನಡೆಸುತ್ತಿದ್ದ ಮಗ್ಗದ ಶೆಡ್ಡು, ಅದರ ಬೆನ್ನಿಗೇ ನಮ್ಮ ಮನೆ. ಬೆಳಗಿನಿಂದ ರಾತ್ರಿಯವರೆಗೆ ಖಟಖಟ ಖಟಖಟ. ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದವರಲ್ಲ. ಮನೆಗೆ ಬಂದ ನೆಂಟರು ನಾವು ಜಗಳ ಆಡುತ್ತಿದ್ದೇವೆ ಎಂದು ಹೆದರುತ್ತಿದ್ದರು; ನಾವು ಸಾರಿಗೆ ಉಪ್ಪು ಕೇಳುತ್ತಿದ್ದೆವು ಅಷ್ಟೇ. ಆ ಸದ್ದು ಅಪ್ಪನ ಕಿವಿಯನ್ನು ವರ್ಷ ವರ್ಷ ತಿನ್ನುತ್ತಾ ಬಂದು, ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಪೂರ್ತಿ ನುಂಗಿಬಿಟ್ಟಿತು. ಆಮೇಲೆ ಅಪ್ಪ ಮಗ್ಗಗಳನ್ನು ಅಂಗೈಯಿಂದ ಕೇಳತೊಡಗಿದರು. ಮಗ್ಗದ ಚೌಕಟ್ಟಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತು, ಇಂಥ ಕಡೆ ಬೋಲ್ಟ್ ಸಡಿಲವಾಗಿದೆ ಎನ್ನುತ್ತಿದ್ದರು. ಎಷ್ಟೋ ಸಲ ಸರಿಯಾಗಿರುತ್ತಿತ್ತು. ತಪ್ಪಾದಾಗ ಬೋಲ್ಟಿಗೇ ಬೈಯುತ್ತಿದ್ದರು.

ಅಂಥ ಮನೆಯಲ್ಲಿ ಹುಟ್ಟಿದವಳಿಗೆ ಸದ್ದಿಲ್ಲದ ಯಂತ್ರದ ಮೇಲೆ ಮೋಹ ಬರದೆ ಇನ್ನೇನು? ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮಾಡಿದೆ. ಬೆಂಗಳೂರಿನಲ್ಲಿ ದುಬಾರಿ ಕಾರುಗಳ ಸರ್ವಿಸ್ ಸೆಂಟರ್ ಒಂದರಲ್ಲಿ ಕೆಲಸ ಸಿಕ್ಕಿತು. ಎಂಜಿನ್ ಬಿಚ್ಚಲು ಹೋದವಳನ್ನು ಗಾಜಿನ ಬಾಗಿಲ ಬಳಿಯ ಮೇಜಿನ ಮುಂದೆ ಕೂರಿಸಿದರು. ‘ಕಸ್ಟಮರ್‌ಗೆ ಮೊದಲು ಒಂದು ನಗುಮುಖ ಕಾಣ್ಬೇಕು ಮೇಡಂ’ ಎಂದರು. ವರ್ಷಗಟ್ಟಲೆ ನಕ್ಕೆ. ದವಡೆ ನೋಯುವಷ್ಟು ನಕ್ಕೆ. ಆದರೂ ಅಲ್ಲಿಯೇ ನಾನು ನೇರ ಆರು ಸಿಲಿಂಡರಿನ ಎಂಜಿನ್ನನ್ನು ಮೊದಲು ಕಂಡದ್ದು. ಓಡುತ್ತಿರುವ ಎಂಜಿನ್ನಿನ ಮೇಲೆ ಒಬ್ಬ ಮೆಕ್ಯಾನಿಕ್ ತನ್ನ ಕಾಫಿ ಲೋಟ ಇಟ್ಟು ಫೋನಿನಲ್ಲಿ ಮಾತಾಡುತ್ತಿದ್ದ. ಕಾಫಿಯ ಕೆನೆ ಕೂಡ ಕದಲಿರಲಿಲ್ಲ. ಒಂದರ ಹಿಂದೆ ಒಂದು ಸಾಲಾಗಿ ನಿಂತ ಆರು ಪಿಸ್ಟನ್ನುಗಳು, ಆರು ಜನ ಹೆಂಗಸರು ಒಂದೇ ಒರಳಿಗೆ ಒಬ್ಬರ ಒನಕೆ ಒಬ್ಬರಿಗೆ ತಾಗದಂತೆ ಕುಟ್ಟಿದ ಹಾಗೆ, ಒಂದರ ಕುಲುಕಾಟವನ್ನು ಇನ್ನೊಂದು ಹೊಡೆದುಹಾಕುತ್ತವೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆ ಕೆನೆ ನೋಡಿದ ದಿನ ನಂಬಿದೆ.

ನಾನು ಹೇಳುತ್ತಿರುವ ವರ್ಷ, ಬೆಂಗಳೂರಿನ ಶ್ರೀಮಂತ ಬಡಾವಣೆಗಳಿಗೆ ಕೆರೆಯ ನೀರು ವಾಪಸು ಬಂದ ವರ್ಷ. ಮುಳುಗಿದ ಕಾರುಗಳನ್ನು ಸಾಲುಸಾಲಾಗಿ ಎಳೆದುಕೊಂಡು ಬಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಒಳಗೆ ನೀರು ಹೋಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಬಾರದು, ಮಾಡಿದರೆ ಪಿಸ್ಟನ್ ಕೆಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೇಲ್ವಿಚಾರಕ ಕೀ ಹಿಡಿದು ಒಂದು ಕಾರಿನ ಹತ್ತಿರ ಹೋಗುವುದನ್ನು ಕಂಡು ಓಡಿಹೋಗಿ ತಡೆದೆ. ‘ರತ್ನ, ನೀವು ಕಸ್ಟಮರ್‌ಗೆ ಟೀ ಕೊಡಿ’ ಎಂದು ಕೀ ತಿರುಗಿಸಿದ. ಹಿಂದೆಯೇ ಎಂಜಿನ್ನಿನ ಒಳಗಿನಿಂದ ಟಕ್ ಎಂದು ಸದ್ದು ಬಂತು. ನಾನು ಕಸ್ಟಮರಿಗೆ ಟೀ ಕೊಟ್ಟೆ. ಮೇಲ್ವಿಚಾರಕನಿಗೆ ರಾಜೀನಾಮೆ ಕೊಟ್ಟು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ.

ಊರಿಗೆ ಬಂದರೆ ಶೆಡ್ಡು ಖಾಲಿ. ಹೊರಗಿನಿಂದ ಬರುವ ಅಗ್ಗದ ಸೀರೆಗಳ ಮುಂದೆ ನಿಲ್ಲಲಾರದೆ ಮಗ್ಗಗಳನ್ನು ಒಂದೊಂದಾಗಿ ಕಳಚಿ ಮಾರಿಯಾಗಿತ್ತು. ಮೂಲೆಯಲ್ಲಿ ಅಪ್ಪನದು ಒಂದೇ ಮಗ್ಗ ಉಳಿದಿತ್ತು. ಚಿಕ್ಕಪ್ಪ ಯಾವುದೋ ಪಾರ್ಸೆಲ್ ಕಂಪನಿಗೆ ಗೋಡೌನ್ ಮಾಡಿಕೊಡುವ ಮಾತುಕತೆ ನಡೆಸಿದ್ದರು. ನಾನು ಅಡ್ಡ ನಿಂತೆ. ಈ ಶೆಡ್ಡಿನಲ್ಲಿ ಎಂಜಿನ್ ವರ್ಕ್‌ಶಾಪ್ ಮಾಡುತ್ತೇನೆ, ನನಗೆ ಬೇಕು ಎಂದೆ. ಅಮ್ಮ ತಲೆ ಮೇಲೆ ಕೈ ಇಟ್ಟುಕೊಂಡಳು. ಚಿಕ್ಕಪ್ಪ ನಕ್ಕರು. ಅವರು ಕೆಟ್ಟವರಲ್ಲ; ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಘಾಟಿ ದನದ ಪರಿಷೆ ತೋರಿಸಿದವರು. ಆದರೆ ಹೆಗಲ ಮೇಲೆ ಕೂತವಳು ಕೆಳಗೆ ಇಳಿದು ಮುವ್ವತ್ತು ವರ್ಷವಾಯಿತು ಎಂಬುದು ಅವರಿಗೆ ಗೊತ್ತಾಗಿರಲಿಲ್ಲ.

‘ಘಾಟಿ ರೋಡಲ್ಲಿ ಹೆಂಗಸೊಬ್ಳು ಕೂತಿದಾಳೆ ಅಂತ ಯಾವನು ತಂದು ಕೊಡ್ತಾನಮ್ಮಾ ಎಂಜಿನ್ನ?’ ಎಂದರು.

‘ಒಂದು ಎಂಜಿನ್ ಕಟ್ಟಿ, ರೇಸಲ್ಲಿ ಓಡ್ಸಿ ತೋರಿಸ್ತೀನಿ. ಆಮೇಲೆ ತಾವಾಗೇ ತರ್ತಾರೆ.’

‘ಆಯ್ತು. ಯುಗಾದಿವರೆಗೂ ಟೈಮು. ಅದ್ ಏನ್ ತೋರಿಸ್ತೀಯೋ ತೋರಿಸು. ಆಗ್ಲಿಲ್ಲ ಅಂದ್ರೆ ಬೀಗದ ಕೈ ನನ್ನ ಕೈಗೆ.’

ಹಾಗೆ ಶೆಡ್ಡು ಪಣಕ್ಕೆ ಬಿತ್ತು. ನಾನು ಹೇಳಿದ್ದು ಡ್ರ್ಯಾಗ್ ರೇಸ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನೇರ ರಸ್ತೆ, ಅಕ್ಕಪಕ್ಕ ಎರಡು ಕಾರು, ಹಸಿರು ದೀಪ ಹೊತ್ತಿದ ಕೂಡಲೇ ಹೊರಟು ಕಾಲು ಮೈಲಿ ಆಚೆಯ ಗೆರೆಯನ್ನು ಯಾರು ಮೊದಲು ದಾಟುತ್ತಾರೋ ಅವರದು ಗೆಲುವು. ಆ ದಾರಿಯಲ್ಲಿ ತಿರುವಿಲ್ಲ, ನೆಪಕ್ಕೆ ಜಾಗವಿಲ್ಲ. ಆದ್ದರಿಂದಲೇ ಅದನ್ನು ಆರಿಸಿಕೊಂಡೆ.

ಕಾರು ಊರಿನಲ್ಲಿಯೇ ಸಿಕ್ಕಿತು. ರೇಷ್ಮೆ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ಉದ್ದ ಮೂತಿಯ ಹಳೆಯ ಕಾಂಟೆಸ್ಸಾ ಒಂದು ಕೋಳಿಗಳಿಗೆ ಮನೆಯಾಗಿ ನಿಂತಿತ್ತು. ಎಂಜಿನ್ನಿನ ಆಯ್ಕೆ ಮಾತ್ರ ಸುಲಭವಾಗಿರಲಿಲ್ಲ. ಸರ್ವಿಸ್ ಸೆಂಟರಿಗೆ ಬರುತ್ತಿದ್ದ ಕಿರಣ್ ಎಂಬ ಹುಡುಗ ಬೆಂಗಳೂರಿನಲ್ಲಿ ಡ್ರ್ಯಾಗ್ ರೇಸ್ ಓಡಿಸುತ್ತಿದ್ದ. ಅವನಿಗೆ ಫೋನ್ ಮಾಡಿದೆ.

‘ಅಕ್ಕಾ, ನಾಲ್ಕು ಸಿಲಿಂಡರ್‌ದು ತಗೊಳ್ಳಿ, ಟರ್ಬೊ ಹಾಕ್ಸಿ, ಮುಗೀತು. ಸ್ಟ್ರೈಟ್ ಸಿಕ್ಸ್ ಎಲ್ಲಾ ಮ್ಯೂಸಿಯಂಗೆ. ರೈಲು ಬೋಗಿ ಥರ ಉದ್ದ ಇರುತ್ತೆ, ತೂಕ ಬೇರೆ.’

‘ಕಾಂಟೆಸ್ಸಾ ಮೂತಿನೂ ಉದ್ದಾನೇ ಇದೆ’ ಎಂದೆ.

‘ನಿಮ್ಮಿಷ್ಟ. ಗೆರೆ ಹತ್ರ ಸಿಕ್ಕಿದಾಗ ನಾನು ಬಿಡಲ್ಲ, ಮೊದಲೇ ಹೇಳಿದೀನಿ’ ಎಂದು ನಕ್ಕ. ಅವನು ಹೇಳಿದ್ದು ತಪ್ಪಲ್ಲ. ಲೆಕ್ಕದ ಪ್ರಕಾರ ಅವನದೇ ಸರಿ. ಆದರೆ ನನಗೆ ಲೆಕ್ಕ ಬೇಕಿರಲಿಲ್ಲ, ಆ ಕೆನೆ ಕದಲದ ಎಂಜಿನ್ ಬೇಕಿತ್ತು.

ಹೊಸಕೋಟೆಯಿಂದ ಜಡಿಗೇನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಸಲೀಂನ ಗುಜರಿ ಅಂಗಳ. ಆ ಮಳೆಗಾಲದಲ್ಲಿ ಅದು ಮುಳುಗಿದ ಕಾರುಗಳ ಸ್ಮಶಾನದಂತಿತ್ತು. ಸ್ಟಿಯರಿಂಗ್ ಎತ್ತರಕ್ಕೆ ಕೆಸರಿನ ಗೆರೆ, ಒಳಗೆ ಕೊಳೆತ ಕಾರ್ಪೆಟ್ ವಾಸನೆ. ಸಲೀಂ ಮಾತುಗಾರ. ಹೊಳೆಯುವ ಅಲ್ಯುಮಿನಿಯಂ ಎಂಜಿನ್ ಒಂದನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರುತ್ತಾ ನಿಂತ. ‘ಅಕ್ಕಾ, ಇದು ಸಿಕ್ಸ್ ಸಿಲಿಂಡರ್, ಅದರ ಜೊತೆ ಟರ್ಬೊ ಭೀ ಐತೆ. ಒಂದ್ ಚುಕ್ಕೆ ನೀರು ಹೋಗಿಲ್ಲ, ಖುದಾ ಕಸಂ.’

ಅವನ ಆಫೀಸಿನಲ್ಲಿದ್ದ ಊದಿನಕಡ್ಡಿಯ ಪೊಟ್ಟಣದಿಂದ ಒಂದು ಕಡ್ಡಿ ತೆಗೆದುಕೊಂಡೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಆರೂ ತೂತುಗಳಲ್ಲಿ ಒಂದೊಂದಾಗಿ ಕಡ್ಡಿ ಇಳಿಸಿ, ಎಂಜಿನ್ ತಿರುಗಿಸಿ, ಪಿಸ್ಟನ್ ಎಲ್ಲಿಯವರೆಗೆ ಮೇಲೆ ಬರುತ್ತದೆ ಎಂದು ಉಗುರಿನಿಂದ ಗುರುತು ಹಾಕಿದೆ. ಐದು ಒಂದೇ ಎತ್ತರಕ್ಕೆ ಬಂದವು. ಆರನೆಯದು ಒಂದು ಕಾಳಿನಷ್ಟು ಕೆಳಗೇ ನಿಂತಿತು. ಒಳಗೆ ರಾಡ್ ಬಾಗಿತ್ತು.

‘ನೀರು ಹೋಗಿಲ್ಲ ಅಂದ್ಯಲ್ಲ ಸಲೀಂ?’

‘ಹೋಗಿದ್ರೂ ವಾಪಸ್ ಬಂದಿರುತ್ತೆ ಅಕ್ಕಾ’ ಎಂದ, ನಾಚಿಕೆಯಿಲ್ಲದೆ. ನಾನೂ ನಕ್ಕುಬಿಟ್ಟೆ.

ವಾಪಸು ಹೊರಟಾಗ ಗೇಟಿನ ಹತ್ತಿರ ಎಡವಿದೆ. ಗೇಟು ಗಾಳಿಗೆ ಮುಚ್ಚಿಕೊಳ್ಳದಿರಲಿ ಎಂದು ಸಲೀಂ ಟಾರ್ಪಾಲ್ ಸುತ್ತಿದ ಯಾವುದೋ ಭಾರವನ್ನು ಅಲ್ಲಿ ಇಟ್ಟಿದ್ದ. ಟಾರ್ಪಾಲ್ ಎತ್ತಿ ನೋಡಿದೆ. ಎರಕದ ಕಬ್ಬಿಣದ, ನೇರ ಆರು ಸಿಲಿಂಡರಿನ ಹಳೆಯ ಎಂಜಿನ್. ಹಿಂದಿನಿಂದ ಲಾರಿ ಗುದ್ದಿ ನುಜ್ಜುಗುಜ್ಜಾದ ಕಾರಿನದಂತೆ; ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಕಡ್ಡಿ ಇಳಿಸಿ ನೋಡಿದೆ, ಆರೂ ಒಂದೇ ಎತ್ತರಕ್ಕೆ ಬಂದವು. ಇದು ಬೇಕು ಎಂದೆ. ‘ಅಕ್ಕಾ, ಆಮೇಲೆ ಗೇಟಿಗೆ ಏನ್ ಇಡ್ಲಿ?’ ಎಂದ ಸಲೀಂ. ಅವನ ಅಲ್ಯುಮಿನಿಯಂ ಎಂಜಿನ್ ತೋರಿಸಿದೆ.

ಕಾರ್ತಿಕ ಮಾಸದ ಚಳಿಯಲ್ಲಿ ಕೆಲಸ ಶುರುವಾಯಿತು. ಸಿಲಿಂಡರುಗಳ ಒಳಮೈ ಕೊರೆಸಿ ಬೋರ್ ಮಾಡಿಸಿಕೊಂಡು ಬಂದ ಎಂಜಿನ್ ಬ್ಲಾಕನ್ನು ಜೋಡಿಸುವ ಮೊದಲು ಬಿಸಿನೀರು, ಸೋಪಿನಲ್ಲಿ ತೊಳೆಯಬೇಕು. ಒಂದು ಕಣ ಲೋಹದ ಪುಡಿ ಉಳಿದರೂ ಎಂಜಿನ್ ಹಾಳು. ಒಣಗಿದ ಕೂಡಲೇ ಎಣ್ಣೆ ಸವರಬೇಕು, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಅಮ್ಮ ಹಂಡೆಯಿಂದ ಬಿಸಿನೀರು ಹೊಯ್ದಳು, ನಾನು ತಿಕ್ಕಿದೆ. ‘ಎಲ್ಲಾರೂ ಮೊದಲು ಎಣ್ಣೆ ಹಚ್ಚಿ ಆಮೇಲೆ ನೀರು ಹಾಕ್ತಾರೆ. ನೀನು ಮೊದಲು ನೀರು ಹಾಕಿ ಆಮೇಲೆ ಎಣ್ಣೆ ಹಚ್ತೀಯ. ನಿಂದೆಲ್ಲಾ ಉಲ್ಟಾನೇ’ ಎಂದಳು. ಬೈಯುತ್ತಲೇ ಬೆಳಗಿನ ತಿಂಡಿ ಮರೆತು ಮಧ್ಯಾಹ್ನದವರೆಗೂ ನನ್ನ ಜೊತೆ ನಿಂತಳು.

ಪಿಸ್ಟನ್, ರಾಡ್‌ಗಳೆಲ್ಲ ಒಂದೇ ತೂಕ ಇರಬೇಕು. ಅಪ್ಪ ಜರಿ ತೂಗುತ್ತಿದ್ದ ಸೂಕ್ಷ್ಮ ತಕ್ಕಡಿಯನ್ನು ಅಟ್ಟದಿಂದ ಇಳಿಸಿದೆ. ಯಾವುದು ಭಾರವೋ ಅದನ್ನು ಅರದಿಂದ ಉಜ್ಜುವುದು, ಮತ್ತೆ ತೂಗುವುದು, ಮತ್ತೆ ಉಜ್ಜುವುದು. ಅಪ್ಪ ಮಗ್ಗದ ಹತ್ತಿರ ಕೂತು ನೋಡುತ್ತಿದ್ದರು. ಜರಿ ತಕ್ಕಡಿಯಲ್ಲಿ ಕಬ್ಬಿಣ ತೂಗಿದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು, ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ತಾವೇ ಬಂದು ತಕ್ಕಡಿಯ ಮುಳ್ಳು ನೋಡುತ್ತಾ, ‘ಇನ್ನೊಂಚೂರು ಉಜ್ಜು’ ಎಂದರು.

ಎಂಜಿನ್ನು ಕಾಂಟೆಸ್ಸಾದಲ್ಲಿ ಕೂರಲಿಲ್ಲ. ಕಿರಣ್ ಹೇಳಿದ ರೈಲು ಬೋಗಿ ನೆನಪಾಗಿ ಹಲ್ಲು ಕಚ್ಚಿದೆ. ರೇಡಿಯೇಟರ್ ಮುಂದಕ್ಕೆ ಸರಿಸಿ, ಎಂಜಿನ್ನಿಗೂ ಸೀಟಿಗೂ ನಡುವಿನ ಒಳಗೋಡೆಯನ್ನು ಕತ್ತರಿಸಿ ಹಿಂದಕ್ಕೆ ತಳ್ಳಿ ಜಾಗ ಮಾಡಿದೆ. ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಹಾಕಲಿಲ್ಲ. ಬದಲಿಗೆ ಪ್ರತಿ ಸಿಲಿಂಡರಿಗೂ ಗಾಳಿ ಎಳೆಯಲು ಅದರದೇ ಒಂದು ಬಾಯಿ. ಸಾಲಾಗಿ ಮೇಲ್ಮುಖವಾಗಿ ತೆರೆದುಕೊಂಡ ಆರು ಕಹಳೆಗಳು. ಧೂಳು ಬೀಳದಿರಲಿ ಎಂದು ಅಮ್ಮ ಹಳೆ ಸೀರೆ ಕತ್ತರಿಸಿ ಆರು ಪುಟ್ಟ ಟೋಪಿ ಹೊಲಿದಳು. ಚಿಕ್ಕಪ್ಪ ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, ‘ಎಲ್ಲಿಗೆ ಬಂತು?’ ಎಂದು ಕೇಳಿ ಹೋಗುತ್ತಿದ್ದರು. ‘ಸಂಕ್ರಾಂತಿ ಒಳಗೆ ಸ್ಟಾರ್ಟ್ ಆದ್ರೂ ಮಾಡು ನೋಡೋಣ’ ಎಂದು ಒಂದು ಸಲ ಸೇರಿಸಿದರು.

ಸಂಕ್ರಾಂತಿಯ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಮೊದಲ ಸಲಕ್ಕೇ ಹಿಡಿಯಿತು. ಆ ಶೆಡ್ಡಿನಲ್ಲಿ ಇಷ್ಟು ಮೆತ್ತಗೆ ಯಾವ ಯಂತ್ರವೂ ಮಾತಾಡಿರಲಿಲ್ಲ. ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ಎಂಜಿನ್ನಿನ ಮೇಲೆ ಇಟ್ಟೆ. ನೀರು ಸುಮ್ಮನೆ ನಿಂತಿತು. ನನಗೆ ಅಳು ಬಂತು, ಅತ್ತೆ. ಆಮೇಲೆ ಅಪ್ಪನನ್ನು ಕರೆತಂದು ಅವರ ಅಂಗೈಯನ್ನು ಎಂಜಿನ್ನಿನ ಮೇಲೆ ಇರಿಸಿದೆ.

ಅಪ್ಪ ಕಣ್ಣು ಮುಚ್ಚಿ ತುಂಬಾ ಹೊತ್ತು ನಿಂತರು. ಆಮೇಲೆ ಪಾಪ ಅನ್ನುವ ಹಾಗೆ ನನ್ನ ಮುಖ ನೋಡಿದರು. ‘ಸ್ಟಾರ್ಟ್ ಆಗ್ಲಿಲ್ವಲ್ಲಮ್ಮಾ. ಬೇಜಾರ್ ಮಾಡ್ಕೋಬೇಡ.’

ತಿರುಗುತ್ತಿದ್ದ ಬೆಲ್ಟ್ ತೋರಿಸಿದೆ. ‘ಬೆಲ್ಟ್ ತಿರುಗ್ತಿದೆ, ಸರಿ. ಎಂಜಿನ್ ಎಲ್ಲಿ ಓಡ್ತಿದೆ?’ ಎಂದರು. ಸೈಲೆನ್ಸರಿನ ಬಾಯಿಗೆ ಕೈ ಹಿಡಿಸಿದೆ. ‘ಬಿಸಿ ಬರ್ತಿದೆ. ಅನ್ನದ ಪಾತ್ರೆಲೂ ಬರುತ್ತೆ’ ಎಂದರು. ಜೀವಮಾನವಿಡೀ ಅಲ್ಲಾಡುವ ಯಂತ್ರಗಳ ಜೊತೆ ಬದುಕಿದ ಮನುಷ್ಯ. ಅಲ್ಲಾಡದೆ ಯಂತ್ರ ಕೆಲಸ ಮಾಡುತ್ತದೆ ಎಂದು ಅವರ ಕೈ ಒಪ್ಪಲಿಲ್ಲ. ‘ನನ್ನ ಕೈಗೆ ಸುಳ್ಳು ಹೇಳ್ಬೇಡ’ ಎಂದು ಮುನಿಸಿಕೊಂಡು ತಮ್ಮ ಮಗ್ಗದ ಹತ್ತಿರ ಹೋಗಿ ಕೂತರು. ಯಾರು ಒಪ್ಪದಿದ್ದರೂ ನಡೆದೀತು ಅಂದುಕೊಂಡಿದ್ದೆ, ಈ ಒಬ್ಬರು ಒಪ್ಪಬೇಕಿತ್ತು.

ಎಳ್ಳುಬೆಲ್ಲ ಕೊಡಲು ಬಂದ ಚಿಕ್ಕಪ್ಪನಿಗೆ ಕಿವಿ ಚೆನ್ನಾಗಿತ್ತು. ಕೇಳಿಸಿಕೊಂಡು, ‘ಸ್ಟಾರ್ಟ್ ಆಗ್ಬಿಟ್ರೆ ಆಯ್ತಾ? ಕಾರು ಓಡ್ಬೇಡ್ವಾ?’ ಎಂದರು.

ಓಡಿಸಿದೆ. ದೇವನಹಳ್ಳಿ ಹತ್ತಿರ ಒಂದು ಲೇಔಟ್ ಇತ್ತು. ದೊಡ್ಡ ಕಮಾನು, ಅಗಲವಾದ ನೇರ ಟಾರು ರಸ್ತೆ, ಸಾಲು ಸೈಟುಕಲ್ಲು. ಒಂದೇ ಒಂದು ಮನೆ ಇಲ್ಲ. ಕಾವಲುಗಾರನನ್ನು, ಅವನ ಮಾಲೀಕನನ್ನು ಒಪ್ಪಿಸಿ ಗೇಟು ಹಾಕಿಸಿ ಕಾರು ಇಳಿಸಿದರೆ, ರಸ್ತೆಯ ತುಂಬಾ ಒಬ್ಬ ಹೆಂಗಸು ಹುರುಳಿ ಹರಡಿಕೊಂಡು ಕೂತಿದ್ದಳು. ‘ತೆಗೀತೀನಿ ಕಣವ್ವ, ಅದಕ್ ಮುಂಚೆ ನಿನ್ ಕಾರ್‌ನಾಗೆ ಇದರ ಮ್ಯಾಲೆ ನಾಕ್ ಸುತ್ತು ಹೊಡಿ, ಒಕ್ಕಣೆ ಆಗ್ಬಿಡ್ಲಿ’ ಎಂದಳು. ರೇಸಿಗೆ ಕಟ್ಟಿದ ಕಾರಿನಲ್ಲಿ ಮೊದಲು ಹುರುಳಿ ತುಳಿಸಿದೆ. ಆಮೇಲೆ ಗುಡಿಸಿದ ರಸ್ತೆಯಲ್ಲಿ ಕಾಲು ಒತ್ತಿದೆ. ಮೆತ್ತಗೆ ಮಾತಾಡುತ್ತಿದ್ದ ಎಂಜಿನ್ನು ಬಾಯಿ ತೆರೆದು ಕೂಗಿತು. ಬೆನ್ನು ಸೀಟಿಗೆ ಅಂಟಿಕೊಂಡಿತು, ಸೈಟುಕಲ್ಲುಗಳು ಒಂದಕ್ಕೊಂದು ಅಂಟಿ ಗೋಡೆಯಾದವು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಅದರ ಸದ್ದು ನನಗೆ ಕೇಳಿಸಲೇ ಇಲ್ಲ.

ಆ ಓಟದ ವಿಡಿಯೋ ನೋಡಿದ ಚಿಕ್ಕಪ್ಪ ಗಡ್ಡ ಕೆರೆದುಕೊಂಡರು. ‘ಖಾಲಿ ರೋಡಲ್ಲಿ ಎಮ್ಮೆನೂ ಓಡುತ್ತೆ. ಗೆದ್ದು ಬಾ, ಆಗ ಮಾತಾಡೋಣ.’

ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಅವರು ಗೆರೆಯನ್ನು ಮುಂದಕ್ಕೆ ಎಳೆಯುತ್ತಾ ಹೋದರು, ನಾನು ಅದನ್ನು ದಾಟುತ್ತಾ ಹೋದೆ. ಗೆರೆ ಎಳೆಯುವ ಕೋಲು ಅವರ ಕೈಗೆ ಯಾಕೆ ಬಂತು ಎಂದು ಕೇಳಿಕೊಳ್ಳುವಷ್ಟು ಬಿಡುವು ನನಗೂ ಇರಲಿಲ್ಲ. ಗೆದ್ದು ಬರುತ್ತೇನೆ ಎಂದುಬಿಟ್ಟೆ.

ರೇಸು ಹೊಸಕೋಟೆ ಆಚೆ, ಇನ್ನೂ ತೆರೆಯದ ಕೈಗಾರಿಕಾ ಬಡಾವಣೆಯ ರಸ್ತೆಯಲ್ಲಿ. ಯುಗಾದಿಗೆ ಇನ್ನೂ ಸ್ವಲ್ಪ ದಿನವಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬೆಳಿಗ್ಗೆ ಕಾರನ್ನು ಲಾರಿಗೆ ಏರಿಸುವ ಮುಂಚೆ ಅಮ್ಮ ಪೂಜೆಯ ತಟ್ಟೆ ಹಿಡಿದು ಬಂದಳು. ನಮ್ಮಲ್ಲಿ ಚಕ್ರ ಇರುವ ಯಾವುದೂ ನಿಂಬೆಹಣ್ಣು ತುಳಿಯದೆ ಅಂಗಳ ದಾಟುವುದಿಲ್ಲ. ಬಾನೆಟ್ ತೆಗೆಸಿ ಅರಿಶಿನ, ಕುಂಕುಮ ಇಟ್ಟಳು. ಎಂಜಿನ್ನಿನ ಆರು ಟೋಪಿಗಳನ್ನು ನೋಡಿ ತಾನೇ ಹೊಲಿದದ್ದನ್ನು ಮರೆತು ಗದರಿದಳು.

‘ಬಾಯಿಗೆ ಬಟ್ಟೆ ಕಟ್ಟಿ ಯಾರಾದ್ರೂ ಪೂಜೆ ಮಾಡ್ತಾರೇನೇ? ಬಿಚ್ಚು ಮೊದಲು.’

ಬಿಚ್ಚಿದೆ. ಮಂಗಳಾರತಿ ಆಯಿತು. ರೇಸು ನೋಡಲೆಂದು ಬಂದಿದ್ದ ಸಲೀಂ ಕೂಡ ತನ್ನ ತಲೆಯ ಟೋಪಿ ಸರಿಮಾಡಿಕೊಂಡು ಕೈಮುಗಿದು ನಿಂತಿದ್ದ. ಲಾರಿಯ ಡ್ರೈವರ್ ಹಾರ್ನ್ ಮಾಡಿದ. ನಾನು ಅವನ ಹತ್ತಿರ ಹೋಗಿ ಹಗ್ಗ ನೋಡಿ ಬರುವಷ್ಟರಲ್ಲಿ ಅಮ್ಮ ಟೋಪಿಗಳನ್ನು ಮತ್ತೆ ಹಾಕಿ ಬಾನೆಟ್ ಮುಚ್ಚಿಸಿದ್ದಳು.

ರಸ್ತೆಯ ಬದಿಯಲ್ಲಿ ಕಾರುಗಳ ಜಾತ್ರೆಯೇ ನೆರೆದಿತ್ತು. ಎಲ್ಲೆಲ್ಲೂ ಗುಡುಗು, ಪಟಾಕಿ ಸಿಡಿದಂತೆ ಸೈಲೆನ್ಸರುಗಳು. ಅಕ್ಕಪಕ್ಕದವರ ಮಾತೇ ಕೇಳಿಸದು. ಚಿಕ್ಕಪ್ಪ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿ ಮುಂಚೆಯೇ ಬಂದು ಕೊಡೆ ಹಿಡಿದು ನಿಂತಿದ್ದರು. ಚೀಟಿ ಎತ್ತಿದಾಗ ನನಗೆ ಜೋಡಿಯಾಗಿ ಸಿಕ್ಕವನು ಕಿರಣ್, ತನ್ನ ನಾಲ್ಕು ಸಿಲಿಂಡರ್ ಟರ್ಬೊ ಕಾರಿನ ಜೊತೆ. ನಕ್ಕು ಕೈ ಬೀಸಿದ. ನಾನು ಟೋಪಿಗಳನ್ನು ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆ. ಆ ಗದ್ದಲದಲ್ಲಿ ನನ್ನ ಎಂಜಿನ್ನಿನ ಸದ್ದು ನನಗೇ ಕೇಳುತ್ತಿರಲಿಲ್ಲ.

ಬೇಡವೆಂದು ಮೂತಿ ಉಬ್ಬಿಸಿಕೊಂಡೇ ಬಂದಿದ್ದ ಅಪ್ಪ, ಸುಮ್ಮನೆ ನಿಂತು ಬೇಸರವಾಗಿಯೋ ಏನೋ, ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಅವರ ಮುಖ ಅರಳಿತು. ಅಷ್ಟು ಸಂತೋಷ ನಾನು ವರ್ಷಗಳಿಂದ ನೋಡಿರಲಿಲ್ಲ.

‘ರತ್ನಾ! ಈಗ ಓಡ್ತಿದೆ ನೋಡಮ್ಮಾ! ಈಗ ಸ್ಟಾರ್ಟ್ ಆಯ್ತು!’

ಅಪ್ಪನ ಕೈಗೆ ತಿಳಿಯಿತು ಎಂದರೆ ಎಂಜಿನ್ನು ಅಲ್ಲಾಡುತ್ತಿದೆ. ಅಲ್ಲಾಡುತ್ತಿದೆ ಎಂದರೆ ಆರರಲ್ಲಿ ಒಂದು ಕೆಲಸ ಮಾಡುತ್ತಿಲ್ಲ. ಹಾಗೇ ಕಾಲು ಒತ್ತಿದ್ದರೆ ಗೆರೆ ಮುಟ್ಟುವ ಮೊದಲೇ ನನ್ನ ಚಳಿಗಾಲವೆಲ್ಲ ಚೂರುಚೂರಾಗಿ ರಸ್ತೆಯಲ್ಲಿ ಬಿದ್ದಿರುತ್ತಿತ್ತು. ಎಂಜಿನ್ ನಿಲ್ಲಿಸಿದೆ. ‘ಅಯ್ಯೋ, ಓಡ್ತಿದ್ದಿದ್ದನ್ನ ಯಾಕಮ್ಮಾ ನಿಲ್ಸಿದೆ?’ ಎಂದು ಅಪ್ಪ ಕೂಗಿದರು.

ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚಿದೆ. ಐದನೆಯದು ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಒತ್ತಡ ಅಳೆದು ನೋಡಿದರೆ ಆ ಸಿಲಿಂಡರಿನಲ್ಲಿ ಒತ್ತಡವೇ ನಿಲ್ಲುತ್ತಿರಲಿಲ್ಲ. ಗಾಳಿ ಒಳಗೆ ಬಿಡುವ ವಾಲ್ವು ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ. ಏನೋ ಸಿಕ್ಕಿಕೊಂಡಿದೆ. ಅಷ್ಟರಲ್ಲಿ ಬಾವುಟ ಹಿಡಿದವನು ಬಂದು ನಮ್ಮ ಸರದಿ ಎಂದ. ಕಿರಣ್ ಕಾರಿನಿಂದ ಇಳಿದು ಬಂದ.

‘ಅಕ್ಕಾ, ಎಷ್ಟ್ ಹೊತ್ತು ಬೇಕು ಹೇಳಿ. ನಾನು ಒಬ್ನೇ ಓಡಿ ಗೆಲ್ಲೋಕೆ ಬಂದಿಲ್ಲ’ ಎಂದು, ಬಾವುಟದವನನ್ನು ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋದ.

ಸಲೀಂ ಟಯರಿನವನ ಗಾಳಿಯಂತ್ರದ ಪೈಪು ಎಳೆದುಕೊಂಡು ಬಂದ. ಎಂಜಿನ್ ಕೈಯಲ್ಲಿ ತಿರುಗಿಸಿ ಐದನೆಯ ವಾಲ್ವು ಪೂರ್ತಿ ತೆರೆದುಕೊಳ್ಳುವಂತೆ ಮಾಡಿ, ಪ್ಲಗ್ಗಿನ ತೂತಿನಿಂದ ಒಳಗೆ ಜೋರಾಗಿ ಗಾಳಿ ಬಿಟ್ಟೆ. ಮೇಲಿನ ಕಹಳೆಯ ಬಾಯಿಂದ ಹಳದಿ ಅಕ್ಕಿಕಾಳು ಚಿಮ್ಮಿದವು. ಕೆಲವು ಹಸಿ ಹಳದಿ, ಕೆಲವು ಅರ್ಧ ಸುಟ್ಟು ಕಪ್ಪಾದವು. ಬಗ್ಗಿ ನೋಡುತ್ತಿದ್ದ ಚಿಕ್ಕಪ್ಪನ ಬಿಳಿ ಅಂಗಿ, ಮೀಸೆ, ಕನ್ನಡಕದ ಮೇಲೆಲ್ಲ ಉದುರಿದವು. ಸುಟ್ಟ ಅರಿಶಿನದ ವಾಸನೆ ಹರಡಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

‘ಬೆಳಿಗ್ಗೆ ಆರು ಬಾಯಿಗೂ ಒಂದೊಂದ್ ಚಿಟಿಕೆ ಅಕ್ಷತೆ ಹಾಕ್ದೆ ಕಣೇ. ಒಂದಕ್ ಹಾಕಿ ಒಂದಕ್ ಬಿಟ್ರೆ ಚೆನ್ನಾಗಿರುತ್ತಾ ಅಂತ...’ ಅವಳ ಕಣ್ಣಲ್ಲಿ ನೀರು ತುಂಬಿತ್ತು.

‘ಐದು ಬಾಯಿ ಜೀರ್ಣ ಮಾಡ್ಕೊಂಡಿವೆ ಬಿಡಮ್ಮಾ. ಇದೊಂದಕ್ಕೆ ಹಸಿವಿರ್ಲಿಲ್ಲ’ ಎಂದೆ. ಸಿಟ್ಟು ಬರಲಿಲ್ಲ. ನಗಲೂ ಪುರುಸೊತ್ತಿರಲಿಲ್ಲ.

ಒತ್ತಡ ಮತ್ತೆ ಅಳೆದೆ, ಸರಿಯಾಗಿತ್ತು. ಪ್ಲಗ್ ಕೂರಿಸಿ, ಹೆಲ್ಮೆಟ್ ಹಾಕಿಕೊಂಡು ಗೆರೆಗೆ ಹೋದೆ. ಹಳದಿ ದೀಪ, ಹಸಿರು ದೀಪ. ಹೊರಟ ಗಳಿಗೆಯಲ್ಲಿ ನಾನೇ ಮುಂದಿದ್ದೆ. ಆರೂ ಬಾಯಿ ಒಂದೇ ಸ್ವರದಲ್ಲಿ ಕೂಗುತ್ತಿದ್ದವು, ಗೇರು ಬದಲಿಸಿದ ಹಾಗೆಲ್ಲ ಆ ಸ್ವರ ಏರುತ್ತಾ ಹೋಯಿತು. ಅರ್ಧ ದಾರಿಯವರೆಗೂ ಕಿರಣ್‌ನ ಕಾರು ನನ್ನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಅವನ ಟರ್ಬೊ ಎದ್ದಿತು. ಪಕ್ಕಕ್ಕೆ ಬಂದ, ಸಮಕ್ಕೆ ಬಂದ, ಗೆರೆಯ ಹತ್ತಿರ ಒಂದು ಬಾನೆಟ್ಟಿನಷ್ಟು ಮುಂದೆ ಹೋದ. ಅಷ್ಟೇ. ಸೋತಿದ್ದೆ. ಆದರೆ ಕಾಲು ತೆಗೆದಾಗ ನನ್ನ ಎದೆಯಲ್ಲಿ ಸೋಲಿನ ಜಾಗದಲ್ಲಿ ಬೇರೆ ಏನೋ ಇತ್ತು. ನಾನು ಕಟ್ಟಿದ್ದು ಗೆರೆಯವರೆಗೆ ಇಡಿಯಾಗಿ ಬಂದಿತ್ತು. ಅದನ್ನು ಈ ಲೋಕದಲ್ಲಿ ಯಾರೂ ನನ್ನಿಂದ ಕಿತ್ತುಕೊಳ್ಳುವ ಹಾಗಿರಲಿಲ್ಲ.

ವಾಪಸು ಬಂದು ಕಾರು ನಿಲ್ಲಿಸಿದೆ, ಎಂಜಿನ್ ಓಡುತ್ತಲೇ ಇತ್ತು. ಕಿರಣ್ ಓಡಿಬಂದು ಬಾನೆಟ್ ಎತ್ತಿ ಆರು ಕಹಳೆ ನೋಡುತ್ತಾ, ‘ಅಕ್ಕಾ, ನನ್ನ ಇನ್ನೊಂದು ಎಂಜಿನ್ ನಿಮ್ಮತ್ರ ತರ್ತೀನಿ, ನೋಡಿ ಕೊಡ್ತೀರಾ?’ ಎಂದ. ನಾನು ಉತ್ತರ ಕೊಡುವ ಮುಂಚೆ ಚಿಕ್ಕಪ್ಪ ಕೊಡೆ ಮಡಿಸಿ ಮುಂದೆ ಬಂದರು. ಅಂಗಿಯ ಮೇಲೆ ಅರಿಶಿನದ ಕಲೆ ಇತ್ತು. ಅವರ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ.

‘ಚೆನ್ನಾಗಿ ಓಡಿಸ್ದೆ ಕಣಮ್ಮಾ. ಆದ್ರೆ ಸೋತೆಯಲ್ಲ. ಮಾತು ಮಾತೇ. ಬೀಗದ ಕೈ ಕೊಡು.’ ಅಂಗೈ ಚಾಚಿದರು.

‘ಸೋತೆ ಚಿಕ್ಕಪ್ಪ. ಬೀಗದ ಕೈ ಕೊಡಲ್ಲ.’

‘ಏನಂದೆ?’

‘ಸ್ಟಾರ್ಟ್ ಮಾಡು ಅಂದ್ರಿ, ಮಾಡ್ದೆ. ಓಡ್ಸು ಅಂದ್ರಿ, ಓಡಿಸ್ದೆ. ಗೆದ್ದಿದ್ರೆ ಇನ್ನೊಂದ್ಸಲ ಗೆಲ್ಲು ಅಂತಿದ್ರಿ. ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು. ನಂಗೆ ಕೆಲಸ ಬರುತ್ತೆ, ಶೆಡ್ಡಲ್ಲಿ ಕೆಲಸ ಮಾಡ್ತೀನಿ. ಇನ್ನು ಕೇಳಲ್ಲ.’

ಅಷ್ಟು ಜನರ ಮುಂದೆ ಅವರ ಮುಖ ಕೆಂಪಾಯಿತು. ನನ್ನ ಹತ್ತಿರ ಆಗದೆ, ಅಪ್ಪನ ಕಡೆ ತಿರುಗಿ ತುಟಿ ದೊಡ್ಡದಾಗಿ ಅಲ್ಲಾಡಿಸುತ್ತಾ ಕೈಯಲ್ಲಿ ಬೀಗ ತಿರುವಿದ ಹಾಗೆ ಮಾಡಿ ತೋರಿಸಿದರು: ‘ಅಣ್ಣಾ, ನೀನಾದ್ರೂ ಹೇಳು. ಶೆಡ್ಡು. ಬೀಗ. ಸೋತ್ಲು.’ ಶೆಡ್ಡು ಅಣ್ಣತಮ್ಮಂದಿರಿಬ್ಬರದು. ಅಪ್ಪ ಹೂಂ ಎಂದರೆ ನನ್ನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನಿಗೆ ಅರ್ಥವಾಯಿತು. ಅವರು ಅಮ್ಮನ ಕೈಯಲ್ಲಿದ್ದ ಹಳೆ ಸೀರೆಯ ತುಂಡನ್ನು ತೆಗೆದುಕೊಂಡು, ಮಡಿಸಿ, ಬಿಸಿ ಎಂಜಿನ್ನಿನ ಮೇಲೆ ಹಾಸಿ ಅಂಗೈ ಇಟ್ಟರು. ಕಣ್ಣು ಮುಚ್ಚಿದರು.

ಎಲ್ಲರೂ ಕಾದೆವು. ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಬೆಲ್ಟಿನ ಕಡೆ ನೋಡಲಿಲ್ಲ. ಸೈಲೆನ್ಸರಿಗೆ ಕೈ ಹಿಡಿಯಲಿಲ್ಲ.

‘ಏನೂ ತಿಳೀತಿಲ್ಲ’ ಎಂದರು.

‘ನೋಡು, ನಿಂತೇ ಹೋಗಿದೆ ಅಂತಿದಾನೆ’ ಎಂದರು ಚಿಕ್ಕಪ್ಪ. ಬೀಗದ ಕೈಗೆಂದು ಚಾಚಿದ ಅವರ ಅಂಗೈ ಇನ್ನೂ ಹಾಗೆಯೇ ಇತ್ತು. ಅಪ್ಪ ಆ ಕೈಯ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದು, ಎಂಜಿನ್ನಿನ ಮೇಲೆ ತಮ್ಮ ಅಂಗೈ ಇದ್ದ ಜಾಗದಲ್ಲಿಯೇ ಅದನ್ನು ಒತ್ತಿ ಹಿಡಿದರು.

‘ಏನೂ ತಿಳಿಯಲ್ಲ ಕಣೋ’ ಎಂದರು, ನಮ್ಮ ಮನೆಯವರ ಅದೇ ದೊಡ್ಡ ದನಿಯಲ್ಲಿ. ‘ಓಡ್ತಾ ಇದೆ.’